ಚೀನೀ ವೈದ್ಯದ ವಸಂತ: ಲಿವರ್ ಎಂದರೆ ಯಾವ ಲಿವರ್?

ಈ ವಾರದ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿನಿಂದ ಬಂದಿವೆ. ಚೀನಾಕ್ಕೆ ಕೆಲಸಕ್ಕೋ ಓದಿಗೋ ಹೋದವರು, ಅವರು ಊರಿಗೆ ತಂದ ಔಷಧದ ಡಬ್ಬಿ, ಅಲ್ಲಿನ ವಸಂತದ ಪಥ್ಯ. ಉತ್ತರಿಸುತ್ತಿರುವ ನಾನು ಆಯುರ್ವೇದ ಓದಿ, ಆಮೇಲೆ ಅಕ್ಯುಪಂಕ್ಚರ್ ಕಲಿತವನು. ಎರಡರ ಮೇಲೂ ಪ್ರೀತಿ ಇದೆ, ಎರಡರ ಮೇಲೂ ಅನುಮಾನವೂ ಇದೆ.

ಪ್ರಶ್ನೆ: ಹುಬ್ಬಳ್ಳಿಯವನು, ಬೀಜಿಂಗ್‌ನಲ್ಲಿ ಇದು ನನ್ನ ಮೊದಲ ವಸಂತ. ಮಾರ್ಚ್ ಮಧ್ಯದಿಂದ ಕಣ್ಣಲ್ಲಿ ತುರಿಕೆ, ಬೆಳಿಗ್ಗೆ ಎದ್ದರೆ ಸಾಲು ಸಾಲು ಸೀನು. ‘ನಿನ್ನ ಲಿವರ್‌ನ ಬೆಂಕಿ ಮೇಲೇರಿದೆ’ ಎಂದು ಸಹೋದ್ಯೋಗಿಗಳು ಸೇವಂತಿಗೆ ಚಹಾ ಕುಡಿಸುತ್ತಿದ್ದಾರೆ. ಕಳೆದ ವರ್ಷ ಲಿವರ್ ಪರೀಕ್ಷೆ ಸರಿಯಾಗಿಯೇ ಇತ್ತು. ಮತ್ತೆ ಮಾಡಿಸಲೇ?

ಬೇಡ, ದುಡ್ಡು ಉಳಿಸಿಕೊಳ್ಳಿ. ಅವರು ಹೇಳುತ್ತಿರುವ ಲಿವರ್ ಪ್ರಯೋಗಾಲಯದ ವರದಿಯಲ್ಲಿ ಸಿಗುವಂಥದ್ದಲ್ಲ. ಚೀನೀ ವೈದ್ಯದಲ್ಲಿ ಅದರ ಹೆಸರು ‘ಗಾನ್’. ಅದರ ಧಾತು ಮರ, ಋತು ವಸಂತ, ಬಣ್ಣ ಹಸಿರು, ರುಚಿ ಹುಳಿ, ಭಾವ ಸಿಟ್ಟು. ಅದು ತೆರೆದುಕೊಳ್ಳುವುದು ಕಣ್ಣಿನಲ್ಲಿ, ಅದನ್ನು ಕೆಣಕುವುದು ಗಾಳಿ. ಚಳಿಗಾಲದಲ್ಲಿ ಮುದುಡಿದ್ದ ಜೀವ ಚಿಗುರುವಾಗ ಈ ಗಾನ್ ಸರಾಗವಾಗಿ ಹರಡಿಕೊಳ್ಳಬೇಕು. ಹರಡಲು ಎಡೆ ಸಿಗದಿದ್ದರೆ ಬಿಸಿಯಾಗಿ ಮೇಲೇರುತ್ತದೆ, ಕಣ್ಣು ಕೆಂಪಾಗುತ್ತದೆ, ಮಾತು ಒರಟಾಗುತ್ತದೆ ಎಂಬುದು ಅವರ ಲೆಕ್ಕ. ನಮ್ಮಲ್ಲಿ ‘ಅವನಿಗೆ ಪಿತ್ತ ನೆತ್ತಿಗೇರಿದೆ’ ಎಂದಾಗ ಯಾರೂ ಪಿತ್ತಕೋಶದ ಸ್ಕ್ಯಾನ್ ಮಾಡಿಸುವುದಿಲ್ಲವಲ್ಲ, ಹಾಗೆಯೇ ಇದು.

ನಿಮ್ಮ ಸೀನಿಗೆ ಇನ್ನೂ ಸರಳವಾದ ಕಾರಣವಿದೆ. ಮಾರ್ಚ್‌ನಿಂದ ಏಪ್ರಿಲ್‌ವರೆಗೆ ಬೀಜಿಂಗ್‌ನ ಸೈಪ್ರೆಸ್ ಮರಗಳು ಪರಾಗ ಚೆಲ್ಲುತ್ತವೆ. ಹಳೆಯ ದೇವಾಲಯ, ಉದ್ಯಾನ, ಸಮಾಧಿಗಳ ಸುತ್ತ ಸಾಲು ಸಾಲಾಗಿ ನಿಂತಿರುವುದು ಅವೇ. ಏಪ್ರಿಲ್ ಬಂತೆಂದರೆ ಪಾಪ್ಲರ್ ಮತ್ತು ವಿಲೋ ಮರಗಳಿಂದ ಬೂರುಗದ ಹತ್ತಿಯಂಥ ನವಿರು ಎಳೆಗಳು ಬೀದಿ ತುಂಬ ಹಾರಾಡತೊಡಗುತ್ತವೆ. ಎಲ್ಲರೂ ಅವನ್ನು ಬೈಯುತ್ತಾರೆ. ಪಾಪ, ಅವು ಬೀಜದ ರೋಮಗಳು. ಮೂಗು ಕೆರಳಿಸಿಯಾವು, ಆದರೆ ಅಲರ್ಜಿಯ ಮುಖ್ಯ ಅಪರಾಧಿ ಕಣ್ಣಿಗೆ ಕಾಣದ ಪರಾಗ. ಹೊರಗೆ ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ, ಮನೆಗೆ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ಮೂಗು ತೊಳೆಯಲು ಕುದಿಸಿ ಆರಿಸಿದ ಉಪ್ಪುನೀರು ಸಾಕು. ಅಷ್ಟಕ್ಕೂ ಬಗ್ಗದಿದ್ದರೆ ಅಲರ್ಜಿ ಮಾತ್ರೆಯನ್ನೋ ಮೂಗಿನ ಸ್ಟಿರಾಯ್ಡ್ ಸ್ಪ್ರೇಯನ್ನೋ ವೈದ್ಯರನ್ನು ಕೇಳಿ ಬಳಸಿ. ಎದೆಯಲ್ಲಿ ಸಿಳ್ಳೆಯಂಥ ಸದ್ದು ಬಂದರೆ ಚಹಾದ ಮಾತೇ ಇಲ್ಲ, ಆಸ್ಪತ್ರೆ.

ಸೇವಂತಿಗೆ ಚಹಾ ಕುಡಿಯಬಹುದು. ಒಣಗಿದ ನಾಲ್ಕೈದು ಹೂವು ಗಾಜಿನ ಲೋಟದಲ್ಲಿ ಮುಳುಗಿ, ಮತ್ತೆ ಅರಳಿ ತೇಲುವುದನ್ನು ನೋಡುವುದೇ ಕಣ್ಣಿಗೆ ಅರ್ಧ ಚಿಕಿತ್ಸೆ. ಆದರೆ ಒಂದು ಪ್ರಶ್ನೆ: ಊರಿನಲ್ಲಿದ್ದಾಗ ಕಾಂಗ್ರೆಸ್ ಗಿಡ ತಾಗಿದರೆ ಮೈ ಕೆರೆಯುತ್ತಿತ್ತೇ? ಆ ಪಾರ್ಥೇನಿಯಂ ಮತ್ತು ಸೇವಂತಿಗೆ ಒಂದೇ ಕುಟುಂಬದ ಸಸ್ಯಗಳು. ಒಂದು ಒಗ್ಗದವರಿಗೆ ಇನ್ನೊಂದೂ ಒಗ್ಗದಿರುವುದುಂಟು. ಕುಡಿದ ಮೇಲೆ ಬಾಯಿ ತುರಿಸಿದರೆ, ತುಟಿ ಊದಿದರೆ ಅಲ್ಲಿಗೆ ನಿಲ್ಲಿಸಿಬಿಡಿ.

ಸೂಜಿ ಹಾಕಿಸಿಕೊಳ್ಳಬೇಕೆಂದಿದ್ದರೆ ಅಡ್ಡಿಯಿಲ್ಲ. ಜರ್ಮನಿಯಲ್ಲಿ ಬರ್ಚ್ ಮತ್ತು ಹುಲ್ಲಿನ ಪರಾಗದ ಅಲರ್ಜಿಯಿದ್ದ 422 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ವಾರ ನಿಜವಾದ ಅಕ್ಯುಪಂಕ್ಚರ್ ಮಾಡಿಸಿಕೊಂಡವರು ತೋರಿಕೆಯ ಸೂಜಿಯವರಿಗಿಂತ ಸ್ವಲ್ಪ ಹೆಚ್ಚು ಸುಧಾರಿಸಿದ್ದರು, ಮಾತ್ರೆಯನ್ನೂ ಕಡಿಮೆ ನುಂಗಿದ್ದರು. ‘ಸ್ವಲ್ಪ’ ಎಂಬ ಮಾತನ್ನು ಮರೆಯಬೇಡಿ. ಹದಿನಾರನೇ ವಾರಕ್ಕೆ ಆ ವ್ಯತ್ಯಾಸವೂ ಕರಗಿಹೋಗಿತ್ತು. ಖರ್ಚಿಲ್ಲದ ದಾರಿ ಬೇಕೆಂದರೆ, ಮೂಗಿನ ಹೊಳ್ಳೆಯ ಪಕ್ಕದಲ್ಲಿ, ಕೆನ್ನೆ ಸೇರುವ ಗೆರೆಯ ಮೇಲೆ ‘ಯಿಂಗ್‌ಶಿಯಾಂಗ್’ ಎಂಬ ಬಿಂದುವಿದೆ. ‘ಪರಿಮಳವನ್ನು ಬರಮಾಡಿಕೊಳ್ಳುವುದು’ ಎಂದು ಆ ಹೆಸರಿನ ಅರ್ಥ. ಎರಡೂ ತೋರುಬೆರಳಿನಿಂದ ಒಂದು ನಿಮಿಷ ಒತ್ತಿ ತಿರುವಿ. ಕಟ್ಟಿದ ಮೂಗು ಕೆಲಹೊತ್ತು ಬಿಟ್ಟಂತಾಗುತ್ತದೆ. ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸಬೇಡಿ.

ಪ್ರಶ್ನೆ: ನನ್ನ ಮೈದುನ ಗುವಾಂಗ್‌ಝೌನಿಂದ ಬರುವಾಗ ಸಾಸಿವೆಗಿಂತ ತುಸು ದೊಡ್ಡದಾದ ಕಪ್ಪು ಗುಳಿಗೆಗಳ ಶೀಶೆ ತಂದಿದ್ದಾರೆ. ವಸಂತದಲ್ಲಿ ಲಿವರ್ ಶುದ್ಧಿಗೆ ಒಳ್ಳೆಯದಂತೆ. ಅತ್ತೆಯವರಿಗೆ 68 ವರ್ಷ, ಬಿಪಿ ಇದೆ, ಹೃದಯದ ಕವಾಟ ಬದಲಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕೊಡಬಹುದೇ? — ಮೈಸೂರು

ಕೊಡಬೇಡಿ. ಕೊಡಲು ಆರಂಭಿಸಿದ್ದರೆ ನಿಲ್ಲಿಸಿ, ಹೃದ್ರೋಗ ವೈದ್ಯರಿಗೆ ಶೀಶೆಯನ್ನು ತೋರಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತಿಳಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಿ.

ನೀವು ಕಳಿಸಿದ ಚಿತ್ರದ ಮೇಲಿರುವ ಹೆಸರು ‘ಲೋಂಗ್‌ದಾನ್ ಶಿಯೆಗಾನ್ ವಾನ್’. ಗಾನ್‌ನ ಬೆಂಕಿಯನ್ನು ಇಳಿಸಲು ಚೀನಾದಲ್ಲಿ ಬಹಳ ಕಾಲದಿಂದ ಬಳಸುತ್ತಿರುವ ಯೋಗ, ಅಂದರೆ ಔಷಧ ಮಿಶ್ರಣ, ಹತ್ತು ಮೂಲಿಕೆಗಳದ್ದು. ಅದರಲ್ಲಿ ಅತಿಮಧುರವಿದೆ, ದಿನವೂ ಹೊಟ್ಟೆಗೆ ಹೋದರೆ ಅದು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ದಾಂಗ್‌ಗುಯಿ ಎಂಬ ಬೇರಿದೆ. ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ. ಬಿಪಿಯೂ ವಾರ್ಫರಿನ್ನೂ ಇರುವ ನಿಮ್ಮ ಅತ್ತೆಯವರಿಗೆ ಇದಕ್ಕಿಂತ ಹೊಂದದ ಗುಳಿಗೆಯನ್ನು ಹುಡುಕಿದರೂ ಸಿಗಲಿಕ್ಕಿಲ್ಲ.

ಈ ಗುಳಿಗೆಗೆ ಇನ್ನೊಂದು ಕಥೆಯಿದೆ. ಯೋಗದಲ್ಲಿ ‘ಮುತೋಂಗ್’ ಎಂಬ ಬಳ್ಳಿಯ ಕಾಂಡ ಬೇಕು. ಕಾಲಾಂತರದಲ್ಲಿ ಅದರ ಜಾಗಕ್ಕೆ ‘ಗುವಾನ್ ಮುತೋಂಗ್’ ಬಂದು ಕೂತಿತು. ಹೆಸರಿನಲ್ಲಿ ಒಂದು ಮಾತಿನ ವ್ಯತ್ಯಾಸ, ಗಿಡ ಮಾತ್ರ ಪೂರ್ತಿ ಬೇರೆ. ಇದು ಅರಿಸ್ಟೊಲೋಕಿಯಾ ಜಾತಿಯದ್ದು, ನಮ್ಮ ಈಶ್ವರಿ ಬಳ್ಳಿಯ ದಾಯಾದಿ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಮುಂದೆ ಮೂತ್ರನಾಳದ ಕ್ಯಾನ್ಸರ್‌ಗೂ ದಾರಿ ಮಾಡುತ್ತದೆ. ಬಾಯಿಹುಣ್ಣಿಗೆ, ಕಣ್ಣುರಿಗೆ ಎಂದು ಈ ಗುಳಿಗೆ ನುಂಗಿದವರು ಡಯಾಲಿಸಿಸ್‌ಗೆ ಬಂದು ನಿಂತ ಮೇಲೆ, 2003ರಲ್ಲಿ ಚೀನಾ ಸರ್ಕಾರ ಗುವಾನ್ ಮುತೋಂಗ್ ಬಳಕೆಯನ್ನು ರದ್ದುಮಾಡಿ ಹಳೆಯ ಮುತೋಂಗ್ ಅನ್ನೇ ಬಳಸಬೇಕೆಂದಿತು. ಅದಕ್ಕೂ ಹತ್ತು ವರ್ಷ ಹಿಂದೆ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಇಂಥದೇ ಹೆಸರಿನ ಅದಲುಬದಲಾಗಿ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡ ಕೆಟ್ಟಿತ್ತು.

ನಿಮ್ಮ ಕೈಯಲ್ಲಿರುವ ಶೀಶೆ ಈಗಿನ ನಿಯಮದಂತೆ ತಯಾರಾದದ್ದೇ ಇರಬಹುದು. ಆದರೂ ‘ಲಿವರ್ ಶುದ್ಧಿ’ ಎಂಬ ಮಾತಿಗೆ ನನ್ನ ತಕರಾರಿದೆ. ಕೆಲಸ ಮಾಡುವ ಲಿವರ್‌ಗೆ ವರ್ಷಕ್ಕೊಮ್ಮೆ ಸುಣ್ಣಬಣ್ಣ ಬೇಕಿಲ್ಲ. ಕೂದಲು ಕಪ್ಪಾಗಲೆಂದು, ಲಿವರ್ ಬಲವಾಗಲೆಂದು ಚೀನಾದಲ್ಲಿ ಮಾರುವ ‘ಹೆಶೋವು’ ಬೇರು ನಿಜವಾದ ಲಿವರ್‌ಗೇ ಏಟು ಕೊಟ್ಟ ಪ್ರಕರಣಗಳು ಬೇಕಾದಷ್ಟಿವೆ. ಸಾಂಪ್ರದಾಯಿಕ ವೈದ್ಯನೂ ನಾಡಿ, ನಾಲಗೆ ನೋಡದೆ ಈ ಯೋಗ ಕೊಡುವುದಿಲ್ಲ. ಅದು ಕಹಿ, ಬಲು ಶೀತ. ಹೊಟ್ಟೆ ಸೂಕ್ಷ್ಮವಿದ್ದವರಿಗೆ ಕೂಡದು ಎಂದು ಅವರ ಶಾಸ್ತ್ರವೇ ಹೇಳುತ್ತದೆ.

ಪ್ರಶ್ನೆ: ನಾನ್‌ಜಿಂಗ್‌ನಲ್ಲಿ ವೈದ್ಯಕೀಯ ಓದುತ್ತಿದ್ದೇನೆ. ಏಪ್ರಿಲ್ ಬಂತೆಂದರೆ ತರಗತಿಯಲ್ಲಿ ತೂಕಡಿಕೆ. ಗಿನ್ಸೆಂಗ್ ತೆಗೆದುಕೊಳ್ಳಲೇ?

ಇಪ್ಪತ್ತರ ಹರೆಯಕ್ಕೆ ಗಿನ್ಸೆಂಗ್ ಏತಕ್ಕೆ? ಇದಕ್ಕೆ ಅಲ್ಲಿ ‘ಚುನ್‌ಕುನ್’, ವಸಂತದ ಜೋಂಪು ಎಂಬ ಹೆಸರೇ ಇದೆ. ಚೀನೀ ವೈದ್ಯದ ಮೂಲಗ್ರಂಥ ‘ಹುವಾಂಗ್‌ದಿ ನೇಜಿಂಗ್’ ಸುಮಾರು ಎರಡು ಸಾವಿರ ವರ್ಷ ಹಳೆಯದು. ವಸಂತದ ಮೂರು ತಿಂಗಳಿಗೆ ಅದು ಮೊದಲು ಹೇಳುವುದು ಮೂಲಿಕೆಯನ್ನಲ್ಲ: ತುಸು ತಡವಾಗಿ ಮಲಗು, ಬೇಗ ಏಳು, ಅಂಗಳದಲ್ಲಿ ಉದ್ದುದ್ದ ಹೆಜ್ಜೆಯಿಟ್ಟು ನಡೆ, ಕೂದಲು ಬಿಚ್ಚಿಕೋ, ಮೈ ಸಡಿಲಬಿಡು, ಕೊಡು, ಕಿತ್ತುಕೊಳ್ಳಬೇಡ. ‘ತಡವಾಗಿ’ ಎಂದರೆ ದೀಪದ ಎಣ್ಣೆಯ ಕಾಲದ ತಡ, ಮೊಬೈಲ್ ಕಾಲದ ಎರಡು ಗಂಟೆಯಲ್ಲ. ಬೆಳಿಗ್ಗೆ ಅರ್ಧ ಗಂಟೆ ಬಿಸಿಲಲ್ಲಿ ನಡೆಯಿರಿ. ಜೂನ್‌ಗೂ ಜೋಂಪು ಬಿಡದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ.

ಪ್ರಶ್ನೆ: ಆಯುರ್ವೇದದ ವಸಂತ ಋತುಚರ್ಯೆಯೂ ಇದೂ ಒಂದೇ ಏನು? ದಾವಣಗೆರೆಯಲ್ಲಿ ಯಾವುದನ್ನು ಪಾಲಿಸಬೇಕು?

ವಸಂತ ಯಾವಾಗ ಎಂಬಲ್ಲೇ ಇಬ್ಬರ ದಾರಿ ಬೇರೆ. ಚೀನೀ ಪಂಚಾಂಗದ 24 ಸೌರಸಂಧಿಗಳಲ್ಲಿ ಮೊದಲನೆಯದು ‘ಲೀಚುನ್’. ಫೆಬ್ರುವರಿ 4ರ ಆಸುಪಾಸು ಬರುವ ಆ ದಿನವೇ ಅವರಿಗೆ ವಸಂತ ಹುಟ್ಟುತ್ತದೆ. ನಮಗೆ ಯುಗಾದಿ ಬೇಕು. ಚೀನಾದ ತಾಂಗ್ ರಾಜವಂಶದ ಕಾಲದ ವೈದ್ಯ ಸುನ್ ಸಿಮಿಯಾವೋ ವಸಂತದಲ್ಲಿ ಹುಳಿ ಕಡಿಮೆ ಮಾಡಿ ಸಿಹಿ ಹೆಚ್ಚಿಸಿ ಎಂದ. ಸಿಹಿ ಎಂದರೆ ಸಕ್ಕರೆಯಲ್ಲ. ಅಕ್ಕಿ, ಗೆಣಸು, ಕೆಂಪು ಬೋರೆಹಣ್ಣಿನಂಥವು. ಚಿಗುರುವ ಗಾನ್ ಜೀರ್ಣಶಕ್ತಿಯನ್ನು ತುಳಿಯದಿರಲೆಂದು ಈ ಉಪಾಯ. ನಮ್ಮ ಆಯುರ್ವೇದದ ಪ್ರಾಚೀನ ಗ್ರಂಥಕಾರ ವಾಗ್ಭಟನ ಪ್ರಕಾರ ಶಿಶಿರದಲ್ಲಿ ಶೇಖರವಾದ ಕಫ ವಸಂತದ ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಮಂದಗೊಳಿಸುತ್ತದೆ. ಆದ್ದರಿಂದ ಹುಳಿಯೂ ಬೇಡ, ಸಿಹಿಯೂ ಬೇಡ, ಜಿಡ್ಡೂ ಬೇಡ, ಹಗಲು ನಿದ್ದೆಯಂತೂ ಬೇಡವೇ ಬೇಡ. ಯುಗಾದಿಯ ಪಂಕ್ತಿಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರೆ ಒಬ್ಬ ಎರಡನೇ ಹೋಳಿಗೆಗೆ ಕೈ ಚಾಚಿಯಾನು, ಇನ್ನೊಬ್ಬ ಎಲೆ ಮಡಿಸಿ ಎದ್ದಾನು.

ಎರಡೂ ತಂತಮ್ಮ ನೆಲದ ಹವೆಯನ್ನು ನೋಡಿ ಹುಟ್ಟಿದ ಮಾತುಗಳು. ‘ಚುನ್ ವು’ ಎಂದು ಚೀನಾದಲ್ಲಿ ಒಂದು ನಾಣ್ಣುಡಿಯ ತುಂಡಿದೆ: ವಸಂತದಲ್ಲಿ ಬೆಚ್ಚಗಿನ ಬಟ್ಟೆ ಬಿಚ್ಚಲು ಆತುರಪಡಬೇಡ ಎಂದು. ನಾನು ಅಲ್ಲಿ ಕಲಿಯುತ್ತಿದ್ದಾಗ ಮಾರ್ಚ್‌ನಲ್ಲಿ ಕಾಲುಚೀಲವಿಲ್ಲದೆ ಮೆಟ್ಟಿಲಿಳಿದರೆ ಕೆಳಮನೆಯ ಅಜ್ಜಿ ಕೈಯಲ್ಲಿದ್ದ ಸೊಪ್ಪಿನ ಕಟ್ಟಿನಿಂದಲೇ ನನ್ನ ಕಣಕಾಲು ತೋರಿಸಿ ಗದರುತ್ತಿದ್ದಳು. ಮಧ್ಯಾಹ್ನ ಅಂಗಿ ಸಾಕೆನಿಸಿ ರಾತ್ರಿ ನೀರು ಹೆಪ್ಪುಗಟ್ಟುವ ಊರಿನಲ್ಲಿ ಅವಳ ಮಾತು ನೂರಕ್ಕೆ ನೂರು ಸರಿ. ಅದನ್ನೇ ಏಪ್ರಿಲ್‌ನ ದಾವಣಗೆರೆಯಲ್ಲಿ ಪಾಲಿಸಿದರೆ ನಿಮಗೆ ಸಿಗುವುದು ಬೆವರುಸಾಲೆ. ನಿಮ್ಮ ಊರಿಗೆ ವಾಗ್ಭಟನೇ ಹತ್ತಿರ. ಬೆಳಗಿನ ನಡಿಗೆಯ ವಿಷಯದಲ್ಲಿ ಇಬ್ಬರಿಗೂ ಜಗಳವಿಲ್ಲ, ಬಿಸಿಲೇರುವ ಮೊದಲು ಮುಗಿಸಿ.

ಪ್ರಶ್ನೆ: ಶಾಂಘೈನಲ್ಲಿ ನೆರೆಯವರು ಕೆಂಪು ಚಿಗುರಿನ ಕಟ್ಟು ಕೊಟ್ಟು ‘ಶಿಯಾಂಗ್‌ಚುನ್’ ಎಂದರು. ತಿನ್ನಬಹುದೇ, ಹೇಗೆ?

ಅದೃಷ್ಟವಂತರು ನೀವು. ಅದು ಮರದ ಎಳೆ ಚಿಗುರು. ಏಪ್ರಿಲ್ 20ರ ಸುಮಾರಿಗೆ ಬರುವ ‘ಗುಯು’ ಸಂಧಿಯ ಮೊದಲು ಕಿತ್ತರೆ ರುಚಿ, ಆಮೇಲೆ ನಾರು. ಹಸಿಯಾಗಿ ತಿನ್ನಬೇಡಿ, ಅದರಲ್ಲಿ ನೈಟ್ರೈಟ್ ಅಂಶವಿರುತ್ತದೆ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಕೆಂಪು ಹೋಗಿ ಹಸಿರಾದಾಗ ತೆಗೆದು ಹಿಂಡಿ, ಆ ನೀರು ಚೆಲ್ಲಿ. ಸಣ್ಣಗೆ ಹೆಚ್ಚಿ, ಮೊಟ್ಟೆಗೆ ಕದಡಿ, ಉಪ್ಪು ಹಾಕಿ ಹುರಿಯಿರಿ. ಮೊಟ್ಟೆ ತಿನ್ನದವರಾದರೆ ತೋಫು ಪುಡಿಮಾಡಿ ಬೆರೆಸಿ, ಮೇಲೆ ನಾಲ್ಕು ಹನಿ ಎಳ್ಳೆಣ್ಣೆ.