ಹೆಕ್ಟೋಕಾಟಿಲಸ್: ಹುಳುವೆಂದು ಹೆಸರು ಪಡೆದ ತೋಳು

ಹೆಕ್ಟೋಕಾಟಿಲಸ್ ಎಂಬುದನ್ನು ಒಂದು ಕಡೆ ಪರಾವಲಂಬಿ ಹುಳುವೆಂದೂ ಇನ್ನೊಂದು ಕಡೆ ಆಕ್ಟೋಪಸ್‌ನ ಅಂಗವೆಂದೂ ಓದಿದ್ದೀರಿ. ಯಾವುದು ಸರಿ, ಹೆಸರು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಅಂಗವೆಂಬುದೇ ಸರಿ. ಆದರೆ ಹುಳುವೆಂದು ಬರೆದವರು ಸಾಮಾನ್ಯರಲ್ಲ, ಈ ಹೆಸರನ್ನಿಟ್ಟವರೂ ಅವರೇ.

ಆಕ್ಟೋಪಸ್, ಸ್ಕ್ವಿಡ್ ಮೊದಲಾದ ಶೀರ್ಷಪಾದಿಗಳ ಪೈಕಿ ಹೆಚ್ಚಿನವುಗಳಲ್ಲಿ, ವೀರ್ಯವನ್ನು ಹೆಣ್ಣಿಗೆ ತಲುಪಿಸುವುದಕ್ಕೆಂದೇ ಗಂಡಿನ ತೋಳೊಂದು ಮಾರ್ಪಟ್ಟಿರುತ್ತದೆ, ಅದೇ ಹೆಕ್ಟೋಕಾಟಿಲಸ್. ಸಾಮಾನ್ಯ ಆಕ್ಟೋಪಸ್‌ನಲ್ಲಿ ಅದು ಬಲಗಡೆಯ ಮೂರನೆಯ ತೋಳು. ಉಳಿದ ಏಳರೊಂದಿಗೆ ಹೋಲಿಸಿದರೆ, ಅದರ ಅಂಚಿನುದ್ದಕ್ಕೂ ಕಿರುಗಾಲುವೆಯಂಥ ಗೀರೊಂದು ಹಾದುಹೋಗಿರುವುದೂ, ತುತ್ತತುದಿಯು ಹೀರುಬಟ್ಟಲುಗಳಿಲ್ಲದೆ ಪುಟ್ಟ ಚಮಚದಂತೆ ಬೋಳಾಗಿರುವುದೂ ಕಾಣುತ್ತದೆ. ವೀರ್ಯದ ಪೊಟ್ಟಣವು ಆ ಗೀರಿನ ಗುಂಟ ಸಾಗಿ ಹೆಣ್ಣಿನ ದೇಹವನ್ನು ಸೇರುತ್ತದೆ.

ಗೊಂದಲಕ್ಕೆ ಕಾರಣ ಆರ್ಗೊನಾಟ್ ಎಂಬ ಬಗೆಯ ಆಕ್ಟೋಪಸ್ ಮತ್ತು ಅದರ ಹತ್ತಿರದ ಬಂಧುಗಳು. ಕಾಗದದಷ್ಟು ತೆಳುವಾದ ಚಿಪ್ಪಿನಲ್ಲಿ ಮೊಟ್ಟೆಗಳನ್ನು ಕಾಯುವ ಹೆಣ್ಣು ಆರ್ಗೊನಾಟ್‌ನ ಮುಂದೆ ಗಂಡು ಒಂದೆರಡು ಸೆಂಟಿಮೀಟರಿನ ಕುಳ್ಳ. ಕೂಡುವಾಗ ಅದರ ತೋಳು ಕಳಚಿಕೊಂಡು ಹೆಣ್ಣಿನ ಮೈಹೊದಿಕೆಯೊಳಗೇ ಉಳಿದುಬಿಡುತ್ತದೆ, ಅಲ್ಲಿ ಜೀವವಿದ್ದಂತೆ ಹೊರಳಾಡುತ್ತದೆ. ಇಂಥ ತೋಳುಗಳನ್ನು ಪರೀಕ್ಷಿಸಿದ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕುವಿಯೆ, 1829ರಲ್ಲಿ ಅವನ್ನು ಹೊಸ ಪರಾವಲಂಬಿ ಹುಳುವೆಂದು ವರ್ಣಿಸಿ, ‘ಹೆಕ್ಟೋಕಾಟಿಲಸ್ ಆಕ್ಟೋಪೊಡಿಸ್’ ಎಂದು ಹೆಸರಿಸಿದರು. ಗ್ರೀಕಿನಲ್ಲಿ ‘ಹೆಕಟಾನ್’ ಎಂದರೆ ನೂರು (ನಮ್ಮ ‘ಶತ’ಕ್ಕೆ ದೂರದ ದಾಯಾದಿ), ‘ಕಾಟಿಲೆ’ ಎಂದರೆ ಬಟ್ಟಲು. ಸಾಲುಸಾಲಾದ ಹೀರುಬಟ್ಟಲುಗಳನ್ನು ಕಂಡವರಿಗೆ ಆ ಹೆಸರು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಆಕ್ಟೋಪಸ್‌ನ ತೋಳನ್ನು ಇಷ್ಟು ಹೋಲುವ ಹುಳು ಆಕ್ಟೋಪಸ್‌ಗಳೊಳಗೇ ಸಿಕ್ಕಾಗಲೂ ಅನುಮಾನ ಬಲಿಯಲಿಲ್ಲವಲ್ಲ, ಅದು ಮಾತ್ರ ನನಗೆ ವಿಚಿತ್ರವೆನಿಸುತ್ತದೆ. 1840ರ ದಶಕದಲ್ಲಿ ಸ್ವಿಸ್ ಅಂಗರಚನಾಶಾಸ್ತ್ರಜ್ಞ ಕೋಲಿಕರ್ ಇದು ಹುಳುವಲ್ಲ, ಗಂಡು ಆರ್ಗೊನಾಟ್ ಇದೇ ಎಂದು ವಾದಿಸಿದರು. 1853ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಹೈನ್ರಿಕ್ ಮ್ಯೂಲರ್ ನಿಜವಾದ ಗಂಡನ್ನೇ ವಿವರಿಸಿದ ಮೇಲೆ ಆ ವಾದವೂ ಬಿದ್ದುಹೋಯಿತು.

ವಾಸ್ತವವಾಗಿ, ಗಂಡು ಆಕ್ಟೋಪಸ್ ತನ್ನ ತೋಳಿನಿಂದಲೇ ಕೂಡುತ್ತದೆಂದು ಗ್ರೀಸಿನ ಮೀನುಗಾರರು ಹೇಳುತ್ತಿದ್ದುದನ್ನು ಅರಿಸ್ಟಾಟಲ್ ದಾಖಲಿಸಿದ್ದ, ಆದರೆ ಆ ತೋಳಿನಿಂದ ಸಂತಾನೋತ್ಪತ್ತಿಗೆ ಉಪಯೋಗವಿಲ್ಲವೆಂದು ತಳ್ಳಿಹಾಕಿದ್ದ.

ಹುಳು ಇಲ್ಲವಾದರೂ ಹೆಸರು ಉಳಿದುಕೊಂಡಿತು. ಕನ್ನಡದಲ್ಲಿ ಬರೆಯುವಾಗ ‘ಶತಚೂಷಕ’ ಎಂದೇನಾದರೂ ಹೊಸದಾಗಿ ಟಂಕಿಸದೆ ಮೂಲಪದವನ್ನೇ ಇಟ್ಟುಕೊಳ್ಳಿ. ಬಟ್ಟಲುಗಳಿಲ್ಲದ ತುದಿಯೇ ಗುರುತಾಗಿರುವ ಆಕ್ಟೋಪಸ್ ತೋಳಿಗೆ ‘ನೂರು ಬಟ್ಟಲು’ ಎಂಬ ಅರ್ಥ ದಾರಿ ತಪ್ಪಿಸುತ್ತದೆ.