ಕತ್ತರಿಯಲ್ಲೇ ಸಿನಿಮಾ ಮಾಡಿದ ಲೋಟೆ ರೈನಿಗರ್

ಪ್ರಶ್ನೆ: ಮೇಡಂ, ನಾನು ಅನಿಮೇಶನ್ ಮೊದಲ್ನೇ ವರ್ಷ ಓದ್ತಿದೀನಿ, ಕ್ಲಾಸಲ್ಲಿ ಬರೀ ತ್ರೀಡಿ ಸಾಫ್ಟ್‌ವೇರೇ, ನನ್ ಲ್ಯಾಪ್‌ಟಾಪಲ್ಲಿ ಅದು ಓಡೋದೇ ಇಲ್ಲ. ಕೈಯಲ್ಲೇ ಕಲಿಯೋಕೆ ಯಾರ ಕೆಲಸ ನೋಡ್ಲಿ?
– ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಲೋಟೆ ರೈನಿಗರ್ ಕೆಲಸ ನೋಡಿ, ಮೊದಲು ಅದನ್ನೇ ನೋಡಿ. 1899ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಈ ಹೆಣ್ಮಗಳು ಕಪ್ಪು ರಟ್ಟು, ತೆಳ್ಳನೆ ಸೀಸದ ತಗಡು ಕತ್ತರಿಸಿ, ಕೈ ಕಾಲು ಕುತ್ತಿಗೆ ಎಲ್ಲಾ ಬೇರೆಬೇರೆ ತುಂಡು ಮಾಡಿ ತಂತಿಯಲ್ಲಿ ಜೋಡಿಸಿ, ಕೆಳಗಿಂದ ಲೈಟ್ ಬಿಟ್ಟ ಗಾಜಿನ ಮೇಜಿನ ಮೇಲೆ ಆ ಗೊಂಬೇನ ಮಲಗಿಸಿ, ಚೂರುಚೂರೇ ಸರಿಸ್ತಾ ಮೇಲಿಂದ ಒಂದೊಂದೇ ಫ್ರೇಮ್ ಶೂಟ್ ಮಾಡ್ತಿದ್ರು. ಹಾಗೇ 1923ರಿಂದ 1926ರ ತನಕ ಕೂತು 'ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್' ಮುಗಿಸಿದ್ರು. ಇವತ್ತಿಗೆ ಉಳಿದಿರೋ ಪೂರ್ಣಾವಧಿ ಅನಿಮೇಶನ್ ಸಿನಿಮಾಗಳಲ್ಲಿ ಅದೇ ಅತಿ ಹಳೇದು, ಡಿಸ್ನಿಯ ಸ್ನೋ ವೈಟ್ ಬಂದಿದ್ದು 1937ರಲ್ಲಿ! ಒಂದರ ಮೇಲೊಂದು ಗಾಜು ಇಟ್ಟು ಹಿನ್ನೆಲೆಗೆ ಆಳ ಕೊಡೋದನ್ನೂ ಇವರು ಆಗ್ಲೇ ಮಾಡಿದ್ರು.

ನನಗೆ ತುಂಬಾ ಇಷ್ಟ ಆಗೋದು ಏನಂದ್ರೆ, ಮುಖ ಪೂರ್ತಿ ಕಪ್ಪು, ಹುಬ್ಬು ತುಟಿ ಏನೂ ಕಾಣಲ್ಲ, ಆದ್ರೂ ಕತ್ತು ಸ್ವಲ್ಪ ಬಾಗಿದ್ರೆ ಸಾಕು ಆ ಪಾತ್ರಕ್ಕೆ ಬೇಜಾರಾಗಿದೆ ಅಂತ ಗೊತ್ತಾಗುತ್ತೆ. ನಮ್ ತೊಗಲು ಗೊಂಬೆಯಾಟ ನೋಡಿದೋರಿಗೆ ಇದು ಬೇಗ ಹಿಡಿಸುತ್ತೆ, ಅಲ್ಲಿ ಗೊಂಬೆಗೇ ಬಣ್ಣ ಇರುತ್ತೆ ಅಷ್ಟೇ.

ನೀವು ಕಪ್ಪು ಡ್ರಾಯಿಂಗ್ ಶೀಟು, ಬಟರ್ ಪೇಪರ್ ತಗೊಳ್ಳಿ, ಗಾಜಿನ ಕೆಳಗೆ ಒಂದು ಎಲ್‌ಇಡಿ ಬಲ್ಬ್ ಇಡಿ, ಫೋನು ಅಲ್ಲಾಡದ ಹಾಗೆ ಮೇಲೆ ಕಟ್ಟಿ, ಸೆಕೆಂಡಿಗೆ 12 ಫೋಟೋ ಲೆಕ್ಕದಲ್ಲಿ ಮೊದಲು ಬರೀ ನಡಿಗೆ ಮಾಡಿ, 'ಪ್ರಿನ್ಸ್ ಅಹ್ಮದ್'ನಲ್ಲಿರೋ ಹಾರೋ ಕುದುರೆ ಎಲ್ಲಾ ಆಮೇಲೆ.