ಕೆಮ್ಮಿಗೆ ಕಡಲ ಪಾಚಿ ತರಿಸಬೇಕಾ?

ತಾಯಿಗೆ ಮೂರು ವಾರದಿಂದ ಒಣಕೆಮ್ಮು, ಆನ್‌ಲೈನ್‌ನಲ್ಲಿ ಮಾರುವ ಐರಿಶ್ ಸೀ ಮಾಸ್ ಶ್ವಾಸಕೋಶ ಸ್ವಚ್ಛ ಮಾಡುತ್ತದಂತೆ, ತರಿಸಲಾ ಅಂತ ಕೇಳಿದ್ದೀರಿ. ನಾನು ಅದನ್ನು ಕುದಿಸಿ ಕುಡಿದವನು, ಅದೂ ಬಾಗಲಕೋಟೆಯಲ್ಲಿ ಕೂತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಕ್ಕನ ಮಗಳು ಐರ್ಲೆಂಡಿನಲ್ಲಿ ನರ್ಸ್. ಊರಿಗೆ ಬಂದಾಗ ಒಂದು ಪೊಟ್ಟಣ ತಂದಿದ್ದಳು. ಅಲ್ಲಿ ಇದಕ್ಕೆ ಕ್ಯಾರಗೀನ್ ಅಂತಾರೆ. ಕಡಲ ಬಂಡೆಗೆ ಅಂಟಿ ಬೆಳೆಯುವ ಕೆಂಪು ಪಾಚಿ. ತೊಳೆದು ಬಿಸಿಲಿಗೆ ಹಾಕಿದರೆ ಬಣ್ಣ ಬಿಟ್ಟು ಬೆಳ್ಳಗಾಗುತ್ತದೆ. ಕೆಮ್ಮಿಗೆ, ಎದೆ ಕಟ್ಟಿದ್ದಕ್ಕೆ ಹಾಲಲ್ಲೋ ನೀರಲ್ಲೋ ಕುದಿಸಿ ಕೊಡುವುದು ಅಲ್ಲಿಯವರ ಹಳೇ ಮನೆಮದ್ದು.

ಕಾಲು ಗಂಟೆ ನೆನೆಸಿ, ಮರಳು ಹೋಗುವಂತೆ ತೊಳೆದು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿದೆವು. ಮನೆ ತುಂಬ ವಾಸನೆ. ಅವ್ವ ಬಾಗಿಲಲ್ಲೇ ನಿಂತು, "ಏನ್ ಮೀನಾ ಕುದಸಾಕತ್ತೀರಿ?" ಅಂದಳು. (ಬೇಸಿಗೆಯಲ್ಲಿ ಮೊಮ್ಮಕ್ಕಳಿಗೆ ಚೀನಾ ಗ್ರಾಸ್ ಹಾಕಿ ಹಾಲು ಗಟ್ಟಿ ಮಾಡಿ ಕೊಡುವವಳು ಅವಳೇ. ಅದೂ ಕಡಲ ಪಾಚಿಯದ್ದೇ. ಇನ್ನೂ ಹೇಳಿಲ್ಲ.) ಸೋಸಿದಾಗ ಬಂದದ್ದು ಬೆಂಡೆಕಾಯಿ ಲೋಳೆಯಂಥ ನೀರು. ಲಿಂಬೆ, ಜೇನು ಹಾಕಿ ಬಿಸಿಬಿಸಿ ಕುಡಿದೆ. ಗಂಟಲಿಗೆ ಹಿತ ಅನಿಸಿತು, ಸುಳ್ಳು ಹೇಳಲ್ಲ. ಲೋಟದ ತಳದಲ್ಲಿ ಉಳಿದದ್ದು ಆರಿದ ಮೇಲೆ ಜೆಲ್ಲಿ ಆಗಿತ್ತು.

ಇದರ ಗುಣವೆಲ್ಲ ಆ ಲೋಳೆಯಲ್ಲೇ ಇರುವುದು. ಗಂಟಲಿಗೆ ಸವರಿಕೊಂಡು ಕೆರೆತ ಕಡಿಮೆ ಮಾಡುತ್ತದೆ. ಆದರೆ ಕುಡಿದದ್ದು ಹೋಗುವುದು ಹೊಟ್ಟೆಗೆ ಅಲ್ವಾ? ಶ್ವಾಸಕೋಶ ಸ್ವಚ್ಛ ಅನ್ನೋದೆಲ್ಲ ಸುಮ್ನೆ ಮಾರುವವರ ಮಾತು. ಅಸ್ತಮಾ ಇದ್ದರಂತೂ ಇದನ್ನು ನಂಬಿ ಇನ್‌ಹೇಲರ್ ಬಿಡಿಸಬೇಡಿ.

ಅಯೋಡಿನ್ ವಿಷಯವೂ ಇದೆ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಪಾಚಿಯಲ್ಲಿ ಎಷ್ಟಿರುತ್ತದೆ ಅನ್ನುವುದು ಜಾತಿಗೊಂದು, ಕಡಲಿಗೊಂದು ಥರ, ಕೆಲವದರಲ್ಲಿ ತುಂಬಾ ಜಾಸ್ತಿ. ಥೈರಾಯ್ಡ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅವ್ವನಿಗೆ ನಾವು ಕೊಡದೇ ಇದ್ದದ್ದು ಅದಕ್ಕೇ.

ಮೂರು ವಾರ ಅಂದಿರಲ್ಲ, ನನಗೆ ಚಿಂತೆ ಅದೇ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಇದೆಯಾ ಅಂತ ನೋಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.

ಅಲ್ಲಿಯವರೆಗೆ ಗಂಟಲಿಗೆ ಲೋಳೆ ಬೇಕಂದರೆ ನಮ್ಮ ಅಗಸಿ ಇದೆಯಲ್ಲ. ಚಟ್ನಿಗೆ ತಂದಿಟ್ಟದ್ದರಲ್ಲೇ ಒಂದು ಚಮಚ ತಗೊಂಡು ದೊಡ್ಡ ಲೋಟ ನೀರಲ್ಲಿ ಹತ್ತು ನಿಮಿಷ ಕುದಿಸಿ. ಬಿಸಿ ಇದ್ದಾಗಲೇ ಸೋಸಿಬಿಡಿ. ಆರಿದರೆ ಚಹಾ ಸೋಸುವ ಜರಡಿಯಲ್ಲಿ ಇಳಿಯುವುದೇ ಇಲ್ಲ.